ಕೂಲಿ ಮತ್ತು ಯೋಗ್ಯತೆ

ದುಡಿಮೆಗೆ ಪ್ರತಿಯಾಗಿ ಕೊಡುವ ಹಣಕ್ಕೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆಯೆಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಗದ್ದೆಯಲ್ಲಿ ನಾಟಿ ಹಾಕಿದವಳಿಗೆ ಕೊಡುವುದು ಕೂಲಿ, ಕಚೇರಿಯ ಗುಮಾಸ್ತನಿಗೆ ಸಂಬಳ, ವಕೀಲರಿಗೂ ವೈದ್ಯರಿಗೂ ಫೀಸು, ಪುರೋಹಿತರಿಗೆ ದಕ್ಷಿಣೆ, ಸಭೆಯಲ್ಲಿ ಭಾಷಣ ಮಾಡಿದ ವಿದ್ವಾಂಸರಿಗೆ ಸಂಭಾವನೆ. ರೂಪಾಯಿ ಒಂದೇ, ಪಡೆಯುವವರ ಅಂತಸ್ತನ್ನು ನೋಡಿಕೊಂಡು ನಾವು ಅದಕ್ಕೆ ಬೇರೆ ಬೇರೆ ಅಂಗಿ ತೊಡಿಸಿದ್ದೇವೆ. ಕೂಲಿಯನ್ನು ಎಲ್ಲರೆದುರಿಗೆ ಎಣಿಸಿ ಕೈಗೆ ಹಾಕುತ್ತೇವೆ. ಸಂಭಾವನೆಯನ್ನು ಲಕೋಟೆಯಲ್ಲಿಟ್ಟು, ಎಷ್ಟೆಂದು ಹೇಳದೆ, ಎರಡು ಕೈಯಿಂದ ಕೊಡುತ್ತೇವೆ.

ಈಚಿನ ಮೂರು ದಶಕಗಳಲ್ಲಿ ಈ ಪಟ್ಟಿಗೆ ಹೊಸದೊಂದು ಮಾತು ಬಂದು ಸೇರಿದೆ. ಅದು ‘ರೇಟು’. ಖಾಯಂ ನೌಕರಿಯಲ್ಲಿರದೆ ಗುತ್ತಿಗೆಯ ಮೇಲೆ ದುಡಿಯುವ ಕಂಪ್ಯೂಟರ್ ಎಂಜಿನಿಯರು ಪಡೆಯುವುದಕ್ಕೆ ಈ ಹೆಸರು. ಲಂಡನ್ನಿನಲ್ಲಿ ಅದನ್ನು ದಿನದ ಲೆಕ್ಕದಲ್ಲಿ ಹೇಳುತ್ತಾರೆ, ‘ಡೇ ರೇಟ್’ ಎಂದು. ಅಮೆರಿಕದಲ್ಲಿ ಬಹುಮಟ್ಟಿಗೆ ಗಂಟೆಯ ಲೆಕ್ಕ. ನಮ್ಮ ಬೆಂಗಳೂರಿನಲ್ಲಿ ಸಾಮಾನ್ಯವಾಗಿ ತಿಂಗಳ ಲೆಕ್ಕ. ದಿನ ಎಣಿಸಿ ಹಣ ಪಡೆಯುವವನು ದಿನಗೂಲಿಯವನೇ ಸರಿ. ಆದರೆ ಹಾಗೆಂದು ಯಾರೂ ಕರೆಯುವುದಿಲ್ಲ. ಕರೆದರೆ ಸಂತೋಷಪಡುವುದೂ ಇಲ್ಲ. ರೇಟು ಎಂಬ ಮಾತಿನಲ್ಲಿ ಮಾತ್ರ ಒಂದು ಪ್ರಾಮಾಣಿಕತೆಯಿದೆಯೆಂದು ನನಗೆ ತೋರುತ್ತದೆ. ತೊಗರಿಬೇಳೆಗೂ ಸಿಮೆಂಟಿಗೂ ಇರುವಂಥದೇ ಅದು. ಪೇಟೆಯಲ್ಲಿ ಏರುತ್ತದೆ, ಇಳಿಯುತ್ತದೆ.

ಈ ರೇಟನ್ನು ಕಟ್ಟುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಇವನ ಯೋಗ್ಯತೆ ಏನು? ಯಾವ ಪದವಿ, ಯಾವ ಸರ್ಟಿಫಿಕೇಟು, ಎಷ್ಟು ವರ್ಷದ ಅನುಭವ? ‘ಯೋಗ್ಯತೆ’ ಎಂಬ ನಮ್ಮ ಶಬ್ದಕ್ಕೆ ಎರಡು ಮುಖಗಳಿವೆ. ಅರ್ಜಿಯ ನಮೂನೆಯಲ್ಲಿ ಬಂದಾಗ ಅದು ಓದಿನ ವಿವರ. ಜಗಳದಲ್ಲಿ ಬಂದಾಗ ಅದು ಮನುಷ್ಯನ ಒಟ್ಟು ತೂಕ. ‘ನಿನ್ನ ಯೋಗ್ಯತೆ ನನಗೆ ಗೊತ್ತಿಲ್ಲವೆ?’ ಎಂದು ಯಾರಾದರೂ ಕೂಗಿದರೆ ಅವರು ನಮ್ಮ ಮಾರ್ಕ್ಸ್ ಕಾರ್ಡನ್ನು ಕುರಿತು ಮಾತಾಡುತ್ತಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ. ಮೊದಲನೆಯ ಅರ್ಥ ಎಷ್ಟು ಬೇಗ ಎರಡನೆಯದಕ್ಕೆ ಜಾರುತ್ತದೆ, ಆ ಜಾರುವಿಕೆಯಲ್ಲಿ ಯಾರಿಗೆ ಅನ್ಯಾಯವಾಗುತ್ತದೆ ಎಂಬುದೇ ಈ ಬರಹದ ವಿಷಯ.

*

ಮೊದಲು ರೇಟಿನ ಒಳಗೆ ಏನೇನಿದೆಯೆಂದು ಬಿಡಿಸಿ ನೋಡೋಣ. ಹೊರಗಿನಿಂದ ಕಂಡವರಿಗೆ ಗುತ್ತಿಗೆಯವನ ದಿನದ ಹಣ ಬಹಳ ದೊಡ್ಡದಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಖಾಯಂ ನೌಕರನೂ ಗುತ್ತಿಗೆಯವನೂ ಅಕ್ಕಪಕ್ಕದ ಮೇಜಿನಲ್ಲಿ ಒಂದೇ ಕೆಲಸ ಮಾಡುತ್ತಾರೆ; ದಿನಕ್ಕೆ ಭಾಗಿಸಿ ನೋಡಿದರೆ ಗುತ್ತಿಗೆಯವನಿಗೆ ಎಷ್ಟೋ ಹೆಚ್ಚು. ಖಾಯಂ ನೌಕರನ ಹೊಟ್ಟೆ ಉರಿಯುವುದು ಸಹಜ. ಆದರೆ ವರ್ಷದ 365 ದಿನಗಳಲ್ಲಿ ಶನಿವಾರ ಭಾನುವಾರಗಳನ್ನು ಕಳೆದರೆ ಉಳಿಯುವುದು 261. ಅಲ್ಲಿನ ಎಂಟು ಸಾರ್ವಜನಿಕ ರಜೆಗಳನ್ನು ಕಳೆದರೆ 253. ಖಾಯಂ ನೌಕರನಿಗೆ ಈ ರಜೆಗಳಿಗೂ ಹಣವುಂಟು, ಅವನ ಸ್ವಂತ ರಜೆಗೂ ಉಂಟು, ಜ್ವರ ಬಂದರೂ ಉಂಟು. ಗುತ್ತಿಗೆಯವನಿಗೆ ಇವು ಯಾವುವೂ ಇಲ್ಲ. ಒಂದು ಗುತ್ತಿಗೆ ಮುಗಿದು ಇನ್ನೊಂದು ಸಿಕ್ಕುವ ತನಕ ಒಂದು ತಿಂಗಳೊ ಎರಡು ತಿಂಗಳೊ ಕಾಯಬೇಕು. ಹೊಸ ವಿದ್ಯೆ ಕಲಿಯಲು ತನ್ನದೇ ದಿನಗಳನ್ನು ತೆಗೆದಿಡಬೇಕು. ಹೀಗೆ ಹಣ ಬರುವ ದಿನಗಳು ಇನ್ನೂರರ ಆಸುಪಾಸಿಗೆ ಇಳಿದರೆ ಆಶ್ಚರ್ಯವಿಲ್ಲ. ಅಂದಮೇಲೆ ಒಂದು ದಿನದ ರೇಟು ಒಂದು ದಿನದ ಬೆಲೆಯಲ್ಲ. ದುಡಿದ ದಿನವು ದುಡಿಯದ ದಿನವನ್ನೂ ಬೆನ್ನ ಮೇಲೆ ಹೊತ್ತುಕೊಂಡಿರುತ್ತದೆ.

ಇದು ಕಂಪ್ಯೂಟರು ತಂದ ಹೊಸ ವಿಚಾರವೇನಲ್ಲ. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಕೂಲಿಗಳು ಏಕೆ ಒಂದೇ ಸಮನಾಗಿರುವುದಿಲ್ಲವೆಂಬುದಕ್ಕೆ ಐದು ಕಾರಣಗಳನ್ನು ಹೇಳಿದ್ದಾನೆ: ಕೆಲಸ ಹಿತವೊ ಅಹಿತವೊ ಎಂಬುದು; ಅದನ್ನು ಕಲಿಯಲು ತಗಲುವ ಶ್ರಮ ಮತ್ತು ಖರ್ಚು; ಕೆಲಸ ವರ್ಷವಿಡೀ ಸಿಕ್ಕುತ್ತದೆಯೊ ಇಲ್ಲವೊ ಎಂಬುದು; ಕೆಲಸಗಾರನ ಮೇಲೆ ಇಡಬೇಕಾದ ನಂಬಿಕೆ; ಆ ವೃತ್ತಿಯಲ್ಲಿ ಗೆಲ್ಲುವ ಸಂಭವ ಎಷ್ಟೆಂಬುದು. ಮೂರನೆಯದಕ್ಕೆ ಅವನು ಕೊಟ್ಟ ಉದಾಹರಣೆ ಗಾರೆಯವನದು. ಹಿಮ ಬಿದ್ದಾಗ, ಮಳೆ ಹೊಡೆದಾಗ ಗಾರೆಯವನಿಗೆ ಕೆಲಸವಿಲ್ಲ. ಉಳಿದ ಕಾಲದಲ್ಲಿಯೂ ಯಾರಾದರೂ ಕರೆದರೆ ಉಂಟು. ಆದುದರಿಂದ ಅವನ ದಿನದ ಕೂಲಿ ಅವನು ಖಾಲಿ ಕುಳಿತ ದಿನಗಳ ಅನ್ನಕ್ಕೂ, ಅಂಥ ದಿನಗಳಲ್ಲಿ ಪಡುವ ಆತಂಕಕ್ಕೂ ಆಗಬೇಕು ಎಂದು ಸ್ಮಿತ್ತನ ವಾದ. ಆತಂಕವನ್ನೂ ಲೆಕ್ಕಕ್ಕೆ ಹಿಡಿದದ್ದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಅಷ್ಟು ದೂರ ಬರುವುದಿಲ್ಲ.

ಬ್ರಿಟನ್ನಿನ ತೆರಿಗೆಯವರು ಈ ವಿಷಯದಲ್ಲಿ ಒಂದು ಗಟ್ಟಿಯಾದ ಪ್ರಶ್ನೆಯನ್ನೆತ್ತಿದರು. ಅಲ್ಲಿ ಗುತ್ತಿಗೆಯ ಎಂಜಿನಿಯರು ತನ್ನದೇ ಒಂದು ಸಣ್ಣ ಕಂಪೆನಿಯನ್ನು ಮಾಡಿಕೊಂಡು, ಆ ಕಂಪೆನಿಯ ಮೂಲಕ ತನ್ನ ದುಡಿಮೆಯನ್ನು ಮಾರುವುದು ರೂಢಿ. ತೆರಿಗೆ ಕಡಮೆ ಬೀಳುತ್ತದೆ. ‘ಇವನು ನಿಜವಾಗಿ ಸ್ವತಂತ್ರ ವ್ಯಾಪಾರಿಯೊ, ವೇಷ ಮರೆಸಿಕೊಂಡ ನೌಕರನೊ?’ ಎಂದು ಕೇಳುವ ನಿಯಮವನ್ನು 1999ರ ಮಾರ್ಚಿಯಲ್ಲಿ ಪ್ರಕಟಿಸಿದರು. ಆ ಪ್ರಕಟಣೆಯ ಸಂಖ್ಯೆಯಿಂದಲೇ ಅದಕ್ಕೆ ‘ಐಆರ್ 35’ ಎಂಬ ಹೆಸರು ನಿಂತಿತು. 2000ದ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಇದನ್ನು ತೀರ್ಮಾನಿಸುವ ಹೊಣೆಯನ್ನು ಕೆಲಸಗಾರನಿಂದ ತೆಗೆದು ಕೆಲಸ ಕೊಡುವವರ ಮೇಲೆ ಹಾಕಿದ್ದು ಸರ್ಕಾರಿ ವಲಯದಲ್ಲಿ 2017ರಲ್ಲಿ, ದೊಡ್ಡ ಮತ್ತು ಮಧ್ಯಮ ಖಾಸಗಿ ಸಂಸ್ಥೆಗಳಲ್ಲಿ 2021ರಲ್ಲಿ. 2022ರ ಸೆಪ್ಟೆಂಬರಿನಲ್ಲಿ ಒಬ್ಬ ಅರ್ಥಸಚಿವರು ಈ ಎರಡು ಬದಲಾವಣೆಗಳನ್ನು ಕಿತ್ತು ಹಾಕುತ್ತೇವೆಂದರು. ಅಕ್ಟೋಬರಿನಲ್ಲಿ ಅವರ ಜಾಗಕ್ಕೆ ಬಂದವರು ಇಲ್ಲ, ಇರಲಿ ಎಂದರು. ನಾಲ್ಕು ವಾರಗಳೊಳಗೆ ಒಬ್ಬನೇ ಮನುಷ್ಯ ನೌಕರನಿಂದ ವ್ಯಾಪಾರಿಯಾಗಿ, ಮತ್ತೆ ನೌಕರನಾದಂತಾಯಿತು!

ಈ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳು ಹಿಂತಿರುಗಿ ನೋಡುವುದು 1968ರ ಒಂದು ಹಳೆಯ ತೀರ್ಪನ್ನು. ಅದು ಕಾಂಕ್ರೀಟು ಸಾಗಿಸುವ ಲಾರಿಯ ಚಾಲಕನ ಮೊಕದ್ದಮೆ. ಅದರಿಂದ ಬೆಳೆದ ಪರೀಕ್ಷೆಗಳಲ್ಲಿ ಒಂದು ಹೀಗೆ: ನೀನು ಬರಲಾಗದ ದಿನ ನಿನ್ನ ಬದಲು ಇನ್ನೊಬ್ಬನನ್ನು ಕಳಿಸುವ ಹಕ್ಕು ನಿನಗಿದೆಯೆ? ಇದ್ದರೆ ನೀನು ಮಾರುತ್ತಿರುವುದು ಕೆಲಸವನ್ನು. ಇಲ್ಲದಿದ್ದರೆ ಮಾರುತ್ತಿರುವುದು ನಿನ್ನನ್ನೇ. ಕಾನೂನಿನವರು ತೆರಿಗೆಗಾಗಿ ಕೇಳಿದ ಈ ಪ್ರಶ್ನೆ ನೀತಿಯ ದೃಷ್ಟಿಯಿಂದಲೂ ದೊಡ್ಡದೇ. ರೇಟು ಕಟ್ಟುವವರು ಕೆಲಸವನ್ನು ತೂಗುತ್ತಿದ್ದಾರೆಯೆ, ಮನುಷ್ಯನನ್ನು ತೂಗುತ್ತಿದ್ದಾರೆಯೆ? ಕೆಲಸಕ್ಕೆ ಬೆಲೆ ಕಟ್ಟುವುದು ವ್ಯಾಪಾರ. ಮನುಷ್ಯನಿಗೆ ಬೆಲೆ ಕಟ್ಟುವ ಕಾರ್ಯಕ್ಕೆ ಹಿಂದೆ ಇದ್ದ ಹೆಸರನ್ನು ಇಲ್ಲಿ ಹೇಳಬೇಕಾಗಿಲ್ಲ.

*

ಬೆಂಗಳೂರಿನ ರೀತಿ ಬೇರೆ. ಇಲ್ಲಿಯ ಗುತ್ತಿಗೆಯ ಎಂಜಿನಿಯರಿಗೆ ಸ್ವಂತ ಕಂಪೆನಿಯಿರುವುದು ಅಪರೂಪ. ಆಳುಗಳನ್ನು ಒದಗಿಸುವ ಒಂದು ಸಂಸ್ಥೆಯ ಪುಸ್ತಕದಲ್ಲಿ ಅವನ ಹೆಸರಿರುತ್ತದೆ. ದುಡಿಯುವುದು ಇನ್ನೊಂದು ಸಂಸ್ಥೆಯ ಕಟ್ಟಡದಲ್ಲಿ. ಕೆಲವು ವೇಳೆ ಆ ಕೆಲಸ ಸಲ್ಲುವುದು ಸಮುದ್ರದಾಚೆಯ ಮೂರನೆಯವರಿಗೆ. ಕೊರಳಿನ ಪಟ್ಟಿಯ ಬಣ್ಣ ಬೇರೆ. ಅವನ ಹೆಸರಿನಲ್ಲಿ ಎಷ್ಟು ಹಣ ವಸೂಲಾಗುತ್ತದೆಯೆಂಬುದು ಬಹಳ ಸಲ ಅವನಿಗೇ ತಿಳಿದಿರುವುದಿಲ್ಲ. ಪಟ್ಟಿಯ ಬಣ್ಣದ ಈ ಭೇದ ನಮ್ಮೂರಿನದೇ ಅಲ್ಲ. ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಗುತ್ತಿಗೆಯವರು, ‘ನಾವು ವರ್ಷಾನುಗಟ್ಟಲೆ ನೌಕರರಂತೆಯೇ ದುಡಿದಿದ್ದೇವೆ, ನೌಕರರಿಗೆ ಸಲ್ಲುವುದು ನಮಗೂ ಸಲ್ಲಬೇಕು’ ಎಂದು 1992ರಲ್ಲಿ ನ್ಯಾಯಾಲಯಕ್ಕೆ ಹೋದರು. 2000ದ ಕೊನೆಯಲ್ಲಿ ಸಂಸ್ಥೆ 9 ಕೋಟಿ 70 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು.

ನಾನು ಕೆಲವು ವರ್ಷ ಇಂಥದೇ ಒಂದು ಕಟ್ಟಡದಲ್ಲಿ, ಗುತ್ತಿಗೆಯವರನ್ನು ಆರಿಸುವವರ ಪೈಕಿ ಒಬ್ಬನಾಗಿ ಕುಳಿತಿದ್ದೆ. ನಮ್ಮ ಮುಂದೆ ‘ರೇಟ್ ಕಾರ್ಡ್’ ಎಂಬ ಒಂದು ಹಾಳೆಯಿರುತ್ತಿತ್ತು. ಎಡಗಡೆ ಅನುಭವದ ವರ್ಷಗಳು, ಮೇಲ್ಗಡೆ ವಿದ್ಯಾರ್ಹತೆ. ಎರಡು ಗೆರೆಗಳು ಕೂಡುವ ಮನೆಯಲ್ಲಿ ಮನುಷ್ಯನ ಬೆಲೆ. ಗುಣಾಕಾರದ ಮಗ್ಗಿಯಷ್ಟು ಸುಲಭ. ಅಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದ್ದ ಒಬ್ಬರಿದ್ದರು. ಎಸ್.ಎಸ್.ಎಲ್.ಸಿ. ಆದಮೇಲೆ ಮೂರು ವರ್ಷದ ಓದು. ಅಲ್ಲಿಂದ ಮುಂದಕ್ಕೆ ಹದಿನಾಲ್ಕು ವರ್ಷದ ಕೆಲಸ. ಬ್ಯಾಂಕಿನ ವಹಿವಾಟಿನ ಒಂದು ಹಳೆಯ ವ್ಯವಸ್ಥೆಯ ಮೂಲೆಮೂಲೆಯನ್ನೂ ಬಲ್ಲವರು. ಅವರ ಪಕ್ಕದಲ್ಲಿ ಬಿ.ಇ. ಮಾಡಿದ್ದ, ಒಂಬತ್ತು ವರ್ಷದ ಅನುಭವದ ಒಬ್ಬ ತರುಣ. ಒಳ್ಳೆಯ ಹುಡುಗ, ಕೆಲಸವನ್ನು ಕಲಿತದ್ದು ಬಹುಪಾಲು ಇವರಿಂದಲೇ. ಇಬ್ಬರ ಕೆಲಸವೂ ಒಂದೇ. ಹಾಳೆಯ ಪ್ರಕಾರ ಹುಡುಗನ ರೇಟು ಹೆಚ್ಚು. ಗುತ್ತಿಗೆ ನವೀಕರಿಸುವ ಕಾಲ ಬಂದಾಗ ಇದನ್ನು ಸರಿಪಡಿಸಬೇಕೆಂದು ನಾನು ಬರೆದು ಕಳಿಸಿದೆ. ಲೆಕ್ಕದ ಇಲಾಖೆಯಿಂದ ಬಂದ ಉತ್ತರ ಚಿಕ್ಕದು: ಡಿಪ್ಲೊಮಾದ ಕಾಲಮ್ಮಿನಲ್ಲಿ ಅದಕ್ಕಿಂತ ಮೇಲಿನ ಅಂಕಿಯಿಲ್ಲ.

ಅದನ್ನು ತಿಳಿಸಿದಾಗ ಆ ಗೃಹಸ್ಥರು ಸಿಟ್ಟು ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹುಡುಗನಿಗೆ ಬರೋದು ಬರಲಿ ಸಾರ್, ಅದಲ್ಲ ನನ್ನ ಮಾತು. ಇನ್ನೆಷ್ಟು ವರ್ಷ ಈ ಕೆಲಸ ಮಾಡಿದರೆ ನಾನು ಆ ನಾಲ್ಕು ವರ್ಷ ಓದಿದ ಹಾಗೆ ಆಗುತ್ತೆ? ಅಷ್ಟು ಹೇಳಿ, ಸಾಕು.”

ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ವಿಚಿತ್ರವೆಂದರೆ, ಪ್ರಪಂಚದಲ್ಲಿ ಒಂದು ಕಡೆ ಇದಕ್ಕೆ ಲಿಖಿತ ಉತ್ತರವಿದೆ. ನಮ್ಮ ಸಾವಿರಾರು ಹುಡುಗರು ಅಮೆರಿಕಕ್ಕೆ ಹೋಗುವ ಎಚ್-1ಬಿ ವೀಸಾಕ್ಕೆ ಪದವಿ ಬೇಕು. ಪದವಿಯಿಲ್ಲದವನ ಅನುಭವವನ್ನು ಅಳೆಯಲು ಅಲ್ಲಿನ ನಿಯಮ ಒಂದು ಅಳತೆಗೋಲನ್ನು ಇಟ್ಟಿದೆ: ಕಾಲೇಜಿನ ಒಂದು ವರ್ಷದ ಓದಿನ ಕೊರತೆಗೆ ಆ ವೃತ್ತಿಯಲ್ಲಿ ಮೂರು ವರ್ಷದ ದುಡಿಮೆ ಸಮ. ನಮ್ಮ ಮೂರು ವರ್ಷದ ಬಿ.ಎಸ್ಸಿ.ಯವರು ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮನಾಗಲು ಸಾಮಾನ್ಯವಾಗಿ ಈ ದಾರಿಯನ್ನೇ ಹಿಡಿಯುವುದು. ಈ ಲೆಕ್ಕದಲ್ಲಿ, ಕಾಲೇಜನ್ನು ಮೆಟ್ಟದೆಯೇ ಇದ್ದವನಿಗೂ ನಾಲ್ಕು ವರ್ಷದ ಓದಿಗೆ ಹನ್ನೆರಡು ವರ್ಷದ ಕೆಲಸ ಸಾಕು. ಆ ಗೃಹಸ್ಥರು ಹದಿನಾಲ್ಕು ಮುಗಿಸಿದ್ದರು. ಒಂದಕ್ಕೆ ಮೂರು ಎಂಬುದು ಸರಿಯೆ ತಪ್ಪೆ, ಒಂದಕ್ಕೆ ಎರಡು ಏಕಲ್ಲ ಎಂದು ವಾದಿಸಬಹುದು. ಆದರೆ ದುಡಿಮೆಯೂ ಒಂದು ಓದು, ಎಂದಾದರೊಂದು ದಿನ ಅದು ಓದಿನ ಸಮಕ್ಕೆ ಬಂದು ನಿಲ್ಲುತ್ತದೆ ಎಂಬ ತತ್ತ್ವವನ್ನು ಆ ನಿಯಮ ಒಪ್ಪಿಕೊಂಡಿದೆ. ನಮ್ಮ ಹಾಳೆ ಅದನ್ನು ಒಪ್ಪಿರಲಿಲ್ಲ. ಅದರ ಪ್ರಕಾರ ಇಪ್ಪತ್ತನೆಯ ವಯಸ್ಸಿನಲ್ಲಿ ಬಿದ್ದ ಗೆರೆ ಅರುವತ್ತಕ್ಕೂ ಅಳಿಯದು. ಹುಟ್ಟಿನಿಂದ ಬಿದ್ದು ಅಳಿಯದಿರುವ ಗೆರೆಗಳನ್ನು ನಮ್ಮ ನಾಡು ಸಾಕಷ್ಟು ಕಂಡಿದೆ. ಓದಿನಿಂದ ಹೊಸದೊಂದನ್ನು ಎಳೆಯುವ ಅಗತ್ಯವಿರಲಿಲ್ಲ.

*

ಹಾಗಾದರೆ ಕಾಗದವನ್ನು ಹರಿದು ಬಿಸಾಡೋಣವೆ? ‘ಸರ್ಟಿಫಿಕೇಟಿನಿಂದ ಏನಾಗುತ್ತದೆ, ಕೆಲಸ ಬಂದರಾಯಿತು’ ಎಂದು ಹೇಳುವುದು ಈಗ ಒಂದು ಶೋಕಿಯಾಗಿದೆ. ನಾನು ಅದನ್ನು ಒಪ್ಪಲಾರೆ. ಕಾಗದದ ಪರವಾಗಿ ಹೇಳಬೇಕಾದದ್ದು ಬಹಳವಿದೆ.

ಕೊಳ್ಳುವವನಿಗೆ ಮಾಲಿನ ಗುಣ ಕಾಣುವುದಿಲ್ಲ, ಮಾರುವವನಿಗೆ ಮಾತ್ರ ಗೊತ್ತು ಎಂದಾಗ ಪೇಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ದೃಷ್ಟಾಂತದಿಂದ ತೋರಿಸಿದರು. ಕೆಟ್ಟ ಕಾರಿನ ಭಯದಿಂದ ಕೊಳ್ಳುವವನು ಎಲ್ಲಕ್ಕೂ ಕಡಮೆ ಬೆಲೆ ಹೇಳುತ್ತಾನೆ, ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಲ್ಲ, ಉಳಿಯುವುದು ಕೆಟ್ಟವೇ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದನ್ನೇ ನೌಕರಿಯ ಪೇಟೆಗೆ ಹೊಂದಿಸಿ, ಪದವಿಯೆಂಬುದು ಗುರುತಿನ ದೀಪವಿದ್ದಂತೆ ಎಂದರು. ಕಲಿಕೆಯಿಂದ ಕೆಲಸದ ಶಕ್ತಿ ಬೆಳೆಯದಿದ್ದರೂ, ಶಕ್ತಿಯುಳ್ಳವನಿಗೆ ಆ ಕಲಿಕೆ ಸುಲಭವಾಗಿದ್ದು ಇಲ್ಲದವನಿಗೆ ಕಷ್ಟವಾಗಿದ್ದರೆ, ಕತ್ತಲಲ್ಲಿ ನಿಂತ ಕೊಳ್ಳುವವನಿಗೆ ಅಷ್ಟು ಬೆಳಕು ಸಾಕು. ಈ ಇಬ್ಬರಿಗೂ ಜೋಸೆಫ್ ಸ್ಟಿಗ್ಲಿಟ್ಸರೊಡನೆ 2001ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇದಕ್ಕಿಂತ ಹೆಚ್ಚಿನದಾಗಿ ನನಗೆ ತೋರುವುದು ಇನ್ನೊಂದು ಕಾರಣ. ಕಾಗದವನ್ನು ಕೇಳದವನು ಏನನ್ನು ಕೇಳುತ್ತಾನೆ? ನಮ್ಮಲ್ಲಿ ಅದು ಗೊತ್ತಿರುವ ಸಂಗತಿ. ಯಾವ ಊರು, ಯಾರ ಪೈಕಿ, ಯಾರು ಹೇಳಿ ಕಳಿಸಿದರು ಎಂದು ಕೇಳುತ್ತಾನೆ. ಬಾಯಿಬಿಟ್ಟು ಕೇಳದಿದ್ದರೆ ಹೆಸರಿನಿಂದ, ಇಂಗ್ಲೀಷಿನ ಉಚ್ಚಾರದಿಂದ ಊಹಿಸಿಕೊಳ್ಳುತ್ತಾನೆ. ಪರಿಚಯದ ದಾರಿ ಇದ್ದವರಿಗೆ ಕಾಗದ ಬೇಡ. ಇಲ್ಲದವರಿಗೆ ಅದೊಂದೇ ದಾರಿ. 1994ರಿಂದ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ ಸಿ.ಇ.ಟಿ. ಪರೀಕ್ಷೆಯಿಂದ, ಹಳ್ಳಿಯ ಶಾಲೆಯಲ್ಲಿ ಓದಿದ ಎಷ್ಟು ಮಂದಿ ಮಕ್ಕಳು ಯಾರ ಮನೆಯ ಬಾಗಿಲನ್ನೂ ತಟ್ಟದೆ ಎಂಜಿನಿಯರಿಂಗ್ ಕಾಲೇಜನ್ನು ಮೆಟ್ಟಿದರು! ಆ ಮಗುವಿನ ಕೈಯಲ್ಲಿರುವ ಕಾಗದವನ್ನು ‘ಬರಿಯ ಕಾಗದ’ ಎನ್ನುವ ಹಕ್ಕು, ಕಾಗದವಿಲ್ಲದೆಯೂ ಬಾಗಿಲು ತೆರೆಯುತ್ತಿದ್ದ ಮನೆಯಲ್ಲಿ ಹುಟ್ಟಿದವರಿಗೆ ಇಲ್ಲ.

ಅಂದಮೇಲೆ ಕಾಗದದ ಧರ್ಮ ಯಾವುದೆಂಬುದು ಸ್ಪಷ್ಟವಾಗುತ್ತದೆ. ಅದು ಅಪರಿಚಿತನಿಗೆ ಕೊಡುವ ದೀಪ. ಗುರುತಿಲ್ಲದವರು ಎದುರು ಬದುರಾದಾಗ ಅದು ಬೇಕು. ಆದರೆ ಮನುಷ್ಯನನ್ನು ಹಗಲು ಬೆಳಕಿನಲ್ಲಿ ಎರಡು ವರ್ಷ ಕಂಡಾದ ಮೇಲೆ, ಅವನ ಕೆಲಸವನ್ನು ದಿನವೂ ಕೈಯಲ್ಲಿ ಹಿಡಿದು ನೋಡಿದ ಮೇಲೆ, ಆ ದೀಪವನ್ನು ಮತ್ತೆ ಮುಖಕ್ಕೆ ಹಿಡಿಯುವುದು ಏತಕ್ಕೆ? ಅಕರ್ಲಾಫರ ಕೊಳ್ಳುವವನಿಗೆ ಕಾರಿನ ಒಳಗು ಕಾಣದು, ಆದ್ದರಿಂದ ಅವನ ಸಂಶಯ ಕ್ಷಮ್ಯ. ಅದೇ ಕಾರಿನಲ್ಲಿ ಹತ್ತು ಸಾವಿರ ಮೈಲಿ ಓಡಾಡಿ ಬಂದವನು ಇನ್ನೂ ಸಂಶಯವನ್ನೇ ನಟಿಸಿ ಕಡಮೆ ಬೆಲೆ ಹೇಳಿದರೆ ಅದಕ್ಕೆ ಅಜ್ಞಾನವೆಂಬ ಹೆಸರು ಸಲ್ಲದು. ತಿಳಿದಿರುವುದನ್ನು ತಿಳಿಯದಂತೆ ಇರುವುದರಿಂದ ಅವನಿಗೆ ಲಾಭವಿದೆ. ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಊಟಕ್ಕೆ ಕುಳಿತವನಿಗೆ ಪ್ರತಿ ತುತ್ತಿಗೂ ಕೇಳುವ ಮನೆಯವರನ್ನು ನಾವು ಏನೆಂದು ಕರೆಯುತ್ತೇವೆ?

ಕಾಗದಕ್ಕೆ ಅತಿಯಾದ ಬೆಲೆ ಬಂದುದರಿಂದ ಆದ ಇನ್ನೆರಡು ಕೆಡುಕುಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು, ಕಲಿಕೆಯ ಖರ್ಚು ಪೂರ್ತಿಯಾಗಿ ಕಲಿಯುವವನ ತಲೆಗೆ ಬಂದಿದೆ. ಹಿಂದೆ ನೌಕರಿ ಕೊಟ್ಟವರೇ ಕೆಲಸ ಕಲಿಸುತ್ತಿದ್ದರು. ಗುತ್ತಿಗೆಯವನಿಗೆ ಯಾರು ಕಲಿಸುತ್ತಾರೆ? ಅವನು ಕಲಿತೇ ಬರಬೇಕು. ಅದೂ ಒಮ್ಮೆ ಕಲಿತರೆ ತೀರಲಿಲ್ಲ. ಈ ಕ್ಷೇತ್ರದ ಅನೇಕ ಸರ್ಟಿಫಿಕೇಟುಗಳಿಗೆ ಮೂರು ವರ್ಷದ ಆಯುಸ್ಸು. ಆಮೇಲೆ ಮತ್ತೆ ಶುಲ್ಕ, ಮತ್ತೆ ಪರೀಕ್ಷೆ. ವಕೀಲರ ಸನ್ನದು ಹೀಗೆ ಮೂರು ವರ್ಷಕ್ಕೊಮ್ಮೆ ಬಾಡುವುದಿಲ್ಲ. ಎರಡನೆಯದು, ಯಾವುದಕ್ಕೆ ಬೆಲೆಯುಂಟೊ ಅದರ ನಕಲಿಯೂ ಹುಟ್ಟುತ್ತದೆ. ದುಡಿಯದ ವರ್ಷಗಳಿಗೆ ಅನುಭವದ ಪತ್ರ ಬರೆದುಕೊಡುವ ಅಂಗಡಿಗಳು ಹುಟ್ಟಿಕೊಂಡಿವೆ; ಅವುಗಳನ್ನು ಹಿಡಿಯಲು ಪೂರ್ವಾಪರ ವಿಚಾರಿಸುವ ಕಂಪೆನಿಗಳು ಹುಟ್ಟಿಕೊಂಡಿವೆ. ಪತ್ರ ತಿದ್ದಿದವನು ತಪ್ಪಿತಸ್ಥನೇ, ಅವನನ್ನು ಸಮರ್ಥಿಸಲಾರೆ. ಆದರೆ ಹಾಳೆಯೇ ಮನುಷ್ಯ ಎಂಬ ಪಾಠವನ್ನು ಅವನು ಸ್ವತಃ ಕಂಡುಹಿಡಿಯಲಿಲ್ಲ. ಆ ಪಾಠವನ್ನು ಅವನಿಗೆ ಹೇಳಿಕೊಟ್ಟವರೇ ಅವನನ್ನು ಹೊರಗೆ ಹಾಕುತ್ತಿದ್ದಾರೆ.

*

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಕಾಗದದ ಭೇದವನ್ನು ಬಿಟ್ಟುಬಿಡೋಣ. ಕೆಲಸ ಕೆಲಸಗಳ ನಡುವೆ ರೇಟಿನ ಭೇದ ಎಷ್ಟಿದ್ದರೆ ನ್ಯಾಯ?

ಜಾನ್ ರಸ್ಕಿನ್ 1860ರಲ್ಲಿ ಬರೆದ ಲೇಖನಮಾಲೆಗೆ ಹೆಸರನ್ನು ಬೈಬಲಿನ ದ್ರಾಕ್ಷಿಯ ತೋಟದ ಕಥೆಯಿಂದ ತೆಗೆದುಕೊಂಡ. ಬೆಳಗ್ಗೆ ಬಂದ ಕೂಲಿಯವನಿಗೂ ಸಂಜೆ ಕೊನೆಯ ಗಂಟೆಯಲ್ಲಿ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ ಕಥೆ ಅದು. ಗಾಂಧೀಜಿ 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಆ ಪುಸ್ತಕವನ್ನೋದಿ, ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆಯೆಂಬ ನಿರ್ಣಯಕ್ಕೆ ಬಂದರು. 1908ರಲ್ಲಿ ಅದರ ಸಾರವನ್ನು ‘ಸರ್ವೋದಯ’ವೆಂದು ಗುಜರಾತಿಯಲ್ಲಿ ಬರೆದರು. ಅಷ್ಟು ಎತ್ತರಕ್ಕೆ ಏರುವ ಶಕ್ತಿ ನನಗಿಲ್ಲ. ಖಾಲಿ ದಿನಗಳಿಗೆ, ಕಲಿಕೆಯ ಖರ್ಚಿಗೆ, ಹೊತ್ತ ಹೊಣೆಗೆ ಸ್ಮಿತ್ ಹೇಳಿದ ಹೆಚ್ಚಳ ನ್ಯಾಯವೆಂದೇ ನನ್ನ ಮತ. ಅವು ಸಮಾಜ ತೀರಿಸಬೇಕಾದ ಋಣ.

ಆದರೆ ರೇಟಿನಲ್ಲಿ ಇವು ಮೂರಲ್ಲದೆ ಮತ್ತೂ ಎರಡು ಸೇರಿರುತ್ತವೆ. ಒಂದು ಅಭಾವದ ಬೆಲೆ: ಈ ವಿದ್ಯೆ ಬಲ್ಲವರು ಈ ಹೊತ್ತಿಗೆ ಕಡಮೆ, ಅದಕ್ಕೇ ಹೆಚ್ಚು. ಇಸವಿ 2000 ಹತ್ತಿರ ಬಂದಾಗ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಮುಗಳನ್ನು ತಿದ್ದಲು, ಮುದಿ ಭಾಷೆಯೆಂದು ಮೂಲೆಗೆ ತಳ್ಳಿದ್ದ ಕೋಬಾಲನ್ನು ಬಲ್ಲವರಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿತು. ಅವರೇನೂ ಆ ವರ್ಷ ಹೆಚ್ಚು ಜಾಣರಾಗಲಿಲ್ಲ. ಅಭಾವದ ಬೆಲೆ ಮಳೆಯಿದ್ದಂತೆ; ಬಂದಾಗ ಕೆರೆ ತುಂಬಿಸಿಕೊಳ್ಳಬಹುದು, ನನ್ನ ಪುಣ್ಯದಿಂದ ಬಂತೆಂದು ಬೀಗಬಾರದು. ಇನ್ನೊಂದು ಅಂತಸ್ತಿನ ಬೆಲೆ: ಇಂಥವನಿಗೆ ಇಷ್ಟಕ್ಕಿಂತ ಕಡಮೆ ಕೊಡುವುದು ಹೇಗೆ, ಅಂಥವನಿಗೆ ಅಷ್ಟು ಕೊಡುವುದು ಹೇಗೆ ಎಂಬ ಸಂಕೋಚ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈ ಐದನ್ನು ಬೇರ್ಪಡಿಸಲು ನನಗೆ ಹೊಳೆದಿರುವ ಪರೀಕ್ಷೆ ಸರಳವಾದದ್ದು. ನನ್ನ ರೇಟನ್ನೂ ಅದರ ಕಾರಣವನ್ನೂ, ನನಗಿಂತ ಕಡಮೆ ಪಡೆಯುವವನ ಮುಂದೆ ಕುಳಿತು, ಅವನ ಕಣ್ಣು ನೋಡಿ ಹೇಳಬಲ್ಲೆನೆ? ಗುತ್ತಿಗೆಯ ಒಪ್ಪಂದಗಳಲ್ಲಿ ‘ರೇಟನ್ನು ಯಾರಿಗೂ ತಿಳಿಸತಕ್ಕದ್ದಲ್ಲ’ ಎಂಬ ಕಲಮು ಇರುವುದು ಅಪರೂಪವಲ್ಲ. ಅದು ವ್ಯಾಪಾರದ ಗುಟ್ಟೆನ್ನುತ್ತಾರೆ. ಎಷ್ಟೋ ಕಡೆ ಅದು ಹೇಳಲು ಕಾರಣವಿಲ್ಲದ್ದನ್ನು ಮುಚ್ಚುವ ಬಟ್ಟೆಯೆಂದು ನನ್ನ ಗುಮಾನಿ. ‘ವರ್ಷದಲ್ಲಿ ಮೂರು ತಿಂಗಳು ನನಗೆ ಕೆಲಸವಿರುವುದಿಲ್ಲ’ ಎಂದು ಖಾಯಂ ನೌಕರನಿಗೆ ಹೇಳಬಹುದು, ಅವನು ಒಪ್ಪುತ್ತಾನೆ. ‘ನೀವು ಹದಿನಾಲ್ಕು ವರ್ಷದಿಂದ ಮಾಡುತ್ತಿರುವ, ನನಗೂ ಕಲಿಸಿದ ಕೆಲಸಕ್ಕೆ ನನಗೆ ಹೆಚ್ಚು, ಏಕೆಂದರೆ ನಾನು ಬಿ.ಇ.’ ಎಂದು ಆ ತರುಣ ಡಿಪ್ಲೊಮಾದವರಿಗೆ ಹೇಳಲಾರ. ಒಳ್ಳೆಯ ಹುಡುಗನಾದ್ದರಿಂದ ಅವನು ಹೇಳಲಿಲ್ಲ.

ಅದೇ ಕಟ್ಟಡದಲ್ಲಿ ಕಸ ಗುಡಿಸಲು ಬರುವ ಹೆಂಗಸರೂ ಗುತ್ತಿಗೆಯವರೇ. ಅವರಿಗೂ ಮಧ್ಯೆ ಒಬ್ಬ ಗುತ್ತಿಗೆದಾರನುಂಟು, ಕೊರಳಲ್ಲಿ ಪಟ್ಟಿಯುಂಟು, ಖಾಲಿ ದಿನದ ಆತಂಕವಂತೂ ಯಾರಿಗೂ ಕಡಮೆಯಿಲ್ಲದಷ್ಟು ಉಂಟು. ಸರ್ಕಾರದ ಕನಿಷ್ಠ ವೇತನದ ಪಟ್ಟಿಯಲ್ಲಿ ಅವರ ಯೋಗ್ಯತೆಯ ಕಾಲಮ್ಮಿನ ಹೆಸರು ‘ಅಕುಶಲ’. 2025-26ರಲ್ಲಿ ಕರ್ನಾಟಕದ ಹಳ್ಳಿಗಳ ಉದ್ಯೋಗ ಖಾತರಿ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ದಿನವೆಂಬುದು ಎಲ್ಲರಿಗೂ ಒಂದೇ ಅಳತೆಯದು. ಅವರ ದಿನಕ್ಕೂ ಎಂಜಿನಿಯರನ ದಿನಕ್ಕೂ ಇರುವ ಅಂತರದಲ್ಲಿ ಎಷ್ಟು ಪಾಲು ಕಲಿಕೆ, ಎಷ್ಟು ಹೊಣೆ, ಎಷ್ಟು ಅದೃಷ್ಟ, ಎಷ್ಟು ಅಂತಸ್ತು? ಆ ಹೆಂಗಸಿನ ಮುಂದೆ ಕುಳಿತು ಪೂರ್ತಿಯಾಗಿ ವಿವರಿಸಬಲ್ಲ ಎಂಜಿನಿಯರನ್ನು ನಾನು ಕಂಡಿಲ್ಲ.

ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಇದ್ದರಷ್ಟೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬಾ ಎಂದಳು. ಈ ಕಥೆಯನ್ನು ಈಗ ಹೇಳುವಾಗ ಒಂದು ಎಚ್ಚರ ಬೇಕು. ಕಾಯಕದ ಮಾತನ್ನು ಆಳಿಗೆ ಉಪದೇಶಿಸಿ ಅವನ ಕೂಲಿಯನ್ನು ಇಳಿಸುವ ಧಣಿಗಳಿದ್ದಾರೆ. ಲಕ್ಕಮ್ಮ ಆ ಮಾತನ್ನು ಹೇಳಿದ್ದು ತನ್ನ ಮನೆಯ ಹೊಸಿಲಿನಲ್ಲಿ ನಿಂತು, ತನ್ನ ಗಂಡನಿಗೆ. ಬೇರೆಯವರ ಅಕ್ಕಿಯನ್ನು ಅಳೆಯಲು ಅವಳು ಹೋಗಲಿಲ್ಲ. ಸಾಕು ಎಂಬ ಮಾತನ್ನು ನಮಗೆ ನಾವು ಹೇಳಿಕೊಂಡರೆ ಅದು ಧರ್ಮ. ನಮಗಿಂತ ಕೆಳಗಿರುವವರಿಗೆ ಹೇಳಿದರೆ ಕಳ್ಳತನ.

ನನ್ನ ಬೇಡಿಕೆ ಲಕ್ಕಮ್ಮನದಕ್ಕಿಂತ ಬಹಳ ಸಣ್ಣದು. ಕಾಗದವನ್ನು ಬಾಗಿಲಲ್ಲಿ ನೋಡಿರಿ; ಮೊದಲನೆಯ ಗುತ್ತಿಗೆಗೆ ಅದನ್ನೇ ಆಧಾರವಾಗಿಟ್ಟು ರೇಟು ಕಟ್ಟಿರಿ. ಎರಡನೆಯ ಸಲ ನವೀಕರಿಸುವಾಗ ಹಾಳೆಯಿಂದ ವಿದ್ಯಾರ್ಹತೆಯ ಕಾಲಮ್ಮನ್ನು ಹೊಡೆದುಹಾಕಿ, ಕಂಡ ಕೆಲಸಕ್ಕೆ ಬೆಲೆ ಕೊಡಿರಿ. ಕಲಿಕೆಗೆ ವರ್ಷದಲ್ಲಿ ಕೆಲವು ದಿನಗಳ ಹಣವನ್ನು ಕೆಲಸ ಕೊಡುವವರು ಹೊರಲಿ. ಮಧ್ಯದವನು ಎಷ್ಟು ವಸೂಲು ಮಾಡುತ್ತಾನೆ, ಎಷ್ಟು ಕೊಡುತ್ತಾನೆ ಎಂಬುದು ದುಡಿಯುವವನಿಗೆ ತಿಳಿಯಲಿ. ಇವು ಯಾವುದಕ್ಕೂ ಕ್ರಾಂತಿ ಬೇಕಾಗಿಲ್ಲ. ಒಂದು ಹಾಳೆಯನ್ನು ಬೇರೆ ಥರ ಗೆರೆ ಹಾಕಿ ಬರೆದರೆ ಸಾಕು.

ಇದನ್ನು ಬೇಗ ಮಾಡಬೇಕೆನ್ನುವುದಕ್ಕೆ ಕಾರಣವಿದೆ. 2022ರ ಕೊನೆಯಿಂದ ಈಚೆಗೆ, ಕೇಳಿದರೆ ಪ್ರೋಗ್ರಾಮು ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೆ ಬಂದಿವೆ. ನಿನ್ನೆಯ ಅಭಾವ ನಾಳೆಗೆ ಇರುತ್ತದೆಂದು ಯಾರೂ ಭರವಸೆ ಕೊಡಲಾರರು. ರೇಟು ಇಳಿದ ಮನೆಗಳಲ್ಲಿ ಸಾಲದ ಕಂತಿನ ಚಿಂತೆ ಇದ್ದೇ ಇರುತ್ತದೆ; ಅದಕ್ಕಿಂತ ಆಳವಾಗಿ ಕೊರೆಯುವುದು, ಇಷ್ಟು ದಿನ ಆ ಅಂಕಿಯನ್ನೇ ತನ್ನ ಯೋಗ್ಯತೆಯೆಂದು ನಂಬಿದ್ದವನ ಮನಸ್ಸು. ಇಂದು ಹಾಳೆಯ ಮೇಲಿನ ಮನೆಯಲ್ಲಿ ಕುಳಿತವರು, ಕೆಳಗಿನ ಮನೆಯಲ್ಲಿರುವವರನ್ನು ಆ ಹಾಳೆಯಿಂದ ಅಳೆಯುವುದನ್ನು ಬಿಟ್ಟರೆ, ಹಾಳೆ ಬದಲಾದ ದಿನ ತಮ್ಮನ್ನು ತಾವು ಅಳೆದುಕೊಳ್ಳಲು ಅವರಿಗೂ ಬೇರೊಂದು ಅಳತೆ ಕೈಯಲ್ಲಿರುತ್ತದೆ.